ಐದನೇ ಭಾಗ

ಕುದ್ರೋಳಿಯ ಗುಜರಿ ಅಂಗಡಿಯಲ್ಲಿ
ತಕ್ಕಡಿಗೆ ಏರುವ ಮೊದಲು ಸಿಕ್ಕಿತು
ಹೊಗೆದ್ವೀಪದ ಐದನೇ ಭಾಗ.
ಉಳಿದ ಆರು ನನ್ನ ಬಳಿಯೇ ಇದ್ದವು,
ಅಂಬ್ರೋಜ್ ಪೊರ್ಬುಗಳ ಬಾಡಿಗೆ ಲೈಬ್ರರಿ ಮುಚ್ಚಿದಾಗ
ಕಟ್ಟಿಗೆ ಹತ್ತು ರೂಪಾಯಿಯಂತೆ ತಂದವು.
ನಾಲ್ಕರ ಹೆಗಲಿಗೆ ಆರು ಒರಗಿ
ಇಷ್ಟು ವರ್ಷ ನಿದ್ದೆ ಹೋಗಿದ್ದವು.

ಒಂದರಿಂದಲೇ ಶುರು ಮಾಡಿದೆ, ಕ್ರಮ ತಪ್ಪಬಾರದು.
ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು,
ಲಾರಿ ಲಾರಿಯ ನಡುವೆ ಎರಡೆರಡು ಪುಟ.
ಕನ್ನಡಕ ಮಂಜಾಗುತ್ತದೆ, ಒರೆಸಿಕೊಂಡು ಓದುತ್ತೇನೆ.

ಅಕ್ಷರ ಇಷ್ಟು ದೊಡ್ಡದಿತ್ತೇ? ದ್ವೀಪ ಇಷ್ಟು ಚಿಕ್ಕದೇ?
ಮೂರು ಹಗಲು ಮೂರು ಇರುಳು ದಾಟಿದ ಕಾಡು
ಒಂದೂವರೆ ಪುಟಕ್ಕೆ ಮುಗಿದುಹೋಯಿತು.
ಯಾರಿಗಾಗಿ ಊಟ ಬಿಟ್ಟಿದ್ದೆನೋ ಆ ನೀಲಾಂಗ
ಮಾತು ಮಾತಿಗೆ ಕತ್ತಿ ಹಿರಿಯುವ ತಲೆಹರಟೆ,
ನಮ್ಮಲ್ಲಿ ಕೆಲಸಕ್ಕೆ ಬಂದಿದ್ದರೆ ವಾರ ನಿಲ್ಲುತ್ತಿರಲಿಲ್ಲ.
ಮತ್ತು ಆ ಸುಂಕದ ಮುದುಕಿ,
ದಾಟುವವರಿಂದ ಒಂದೊಂದು ನೆನಪು ಕಿತ್ತುಕೊಂಡು
ಭರಣಿಗೆ ಹಾಕಿ ಮುಚ್ಚುವವಳು,
ಅವಳ ಹೆಸರೆತ್ತಿದರೆ ನಾವು ನೀರಿಗೆ ಉಗುಳುತ್ತಿದ್ದೆವು.
ಪ್ರಾಯ ಮೊದಲ ಭಾಗದಲ್ಲೇ ಬರೆದಿದೆ: ಐವತ್ತು.
ನನಗೆ ಐವತ್ತೊಂದು.
ಭರಣಿಗಳ ಲೆಕ್ಕ ಯಾರಾದರೂ ಇಡಬೇಕಲ್ಲ ಮಾರಾಯ್ರೆ
ಅಂದುಕೊಂಡು, ಅವಳ ಪುಟಗಳನ್ನು ನಿಧಾನ ಓದಿದೆ.

ನಾನು ತೋಟ ಬೆಂಗ್ರೆ, ನೆಬಿಸಾ ಕಸಬಾ ಬೆಂಗ್ರೆ.
ಶಾಲೆಯ ದೋಣಿಯಲ್ಲಿ
ನಾನು ತುಳುವಿನಲ್ಲಿ ಕೇಳುವುದು, ಅವಳು ಬ್ಯಾರಿಯಲ್ಲಿ ನಗುವುದು,
ಕತೆ ಮಾತ್ರ ಪುಸ್ತಕದ ಕನ್ನಡದಲ್ಲಿ,
‘ಆಗ ಭಯಂಕರ ಸದ್ದೊಂದು ಕೇಳಿಬರಲಾಗಿ’ ಎಂದು.
ದ್ವೀಪಕ್ಕೆ ಹೋಗುವುದು ಅಳಿವೆ ಬಾಗಿಲಿನಿಂದಲೇ,
ಅದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ,
ಇಲ್ಲದಿದ್ದರೆ ನೀರಿಗೆ ಬಾಗಿಲು ಅಂತ ಯಾಕೆ ಕರೆಯುತ್ತಾರೆ?

ಐದನೇ ಭಾಗ ಕೇಳಿದಾಗಲೆಲ್ಲ
ಪೊರ್ಬುಗಳು ರಿಜಿಸ್ಟರ್ ತೆರೆದು, ನನ್ನನ್ನು ನೋಡಿ, ಮುಚ್ಚಿ,
‘ಕೊಂಡುಹೋದವರು ತಂದಿಲ್ಲ ಮಗಾ’ ಎನ್ನುತ್ತಿದ್ದರು.
ನಾನು ಓದಿದ್ದೇನೆ, ಎಂದಳು ನೆಬಿಸಾ, ಮಾಮನ ಮನೆಯಲ್ಲಿ.
ಹೇಳಿದಳು, ಹೋಗುವಾಗ ಸ್ವಲ್ಪ, ಬರುವಾಗ ಸ್ವಲ್ಪ:
ಅದರಲ್ಲಿ ನೀಲಾಂಗನಿಗೆ ಜ್ವರ, ಕೊನೆತನಕ ಮಲಗಿಯೇ ಇರುತ್ತಾನೆ.
ಮೀನು ಒಣಗಿಸುವ ಹುಡುಗಿ ಬರುತ್ತಾಳೆ, ಹೆಸರು ಪಚ್ಚೆ.
ಮುದುಕಿ ಬೀಗದ ಕೈಯನ್ನು ಅವಳ ಲಂಗದ ಲಾಡಿಗೆ ಕಟ್ಟಿ
ಜನ್ಮದಲ್ಲಿ ಮೊದಲ ಸಲ ತಾನೇ ದೋಣಿ ಹತ್ತುತ್ತಾಳೆ.
ಪಚ್ಚೆ ರಾತ್ರಿಯಿಡೀ ಮುಚ್ಚಳ ತೆಗೆಯುತ್ತಾಳೆ, ಒಂದೊಂದಾಗಿ.
ಬೆಳಗಾಗುವಾಗ ಕಡಲಿಗೆ ಹೋದವರೆಲ್ಲ
ಮನೆಯ ದಾರಿ ನೆನಪಾಗಿ
ಸಾಲಾಗಿ, ಬುತ್ತಿಯ ಪಾತ್ರೆ ಸಮೇತ, ವಾಪಸು ಬರುತ್ತಾರೆ.

ಆರನೇ ಭಾಗದಲ್ಲಿ ಪಚ್ಚೆಯ ಸುದ್ದಿಯೇ ಇಲ್ಲವಲ್ಲ ಎಂದರೆ,
‘ಅಡಗಿದ್ದಾಳೆ. ಅಡಗಿದವರ ಬಗ್ಗೆ ಬರೆಯುತ್ತಾರಾ, ಪೆದ್ದಿ?’

ಓದಿದೆ ಐದನ್ನು, ನಿನ್ನೆ.
ಪಚ್ಚೆ ಇಲ್ಲ. ಜ್ವರ ಇಲ್ಲ.
ನೂರ ಹನ್ನೆರಡನೇ ಪುಟದಲ್ಲಿ ಎರಡೇ ಸಾಲು:
ನೀಲಾಂಗನ ತಂದೆಯ ದೋಣಿ ಮಗುಚಿತು,
ಹುಟ್ಟು ಮಾತ್ರ ದಡಕ್ಕೆ ಬಂತು.

ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ, ಪೊರ್ಬುಗಳ ನೇರಳೆ ಶಾಯಿ.
ಕಟ್ಟಕಡೆಯ ಹೆಸರು: ನೆಬಿಸಾ, ಕಸಬಾ ಬೆಂಗ್ರೆ.
ಸೆಪ್ಟೆಂಬರ್, ಎಂಬತ್ತನಾಲ್ಕು.
ನಮ್ಮಪ್ಪನನ್ನು ಹುಡುಕುವುದು
ನಿಲ್ಲಿಸಿದ ವಾರ.

ಏನು ಮಾಡುವುದೆಂದು ತಿಳಿಯದೆ ದಂಡ ಲೆಕ್ಕ ಹಾಕಿದೆ.
ದಿನಕ್ಕೆ ಹತ್ತು ಪೈಸೆ, ಮೂವತ್ತೊಂಬತ್ತು ವರ್ಷ,
ಫೆಬ್ರವರಿಯ ಇಪ್ಪತ್ತೊಂಬತ್ತುಗಳನ್ನೂ ಬಿಡದೆ,
ಸಾವಿರದ ನಾನ್ನೂರ ಇಪ್ಪತ್ತನಾಲ್ಕು ರೂಪಾಯಿ ನಲವತ್ತು ಪೈಸೆ.
ವಸೂಲಿಗೆ ಪೊರ್ಬುಗಳಿಲ್ಲ.
ಕಟ್ಟಬೇಕಾದವಳು ಒಂಬತ್ತನೇ ಕ್ಲಾಸಿನ ನಡುವೆ
ಉಪ್ಪಳಕ್ಕೆ ಹೋದವಳು, ಕೊನೆಯ ದಿನವೂ
ಮಾಮನ ಮನೆಯ ಕಪಾಟಿನ ಬಣ್ಣ ಸಮೇತ ಸುಳ್ಳು ಹೇಳಿ.

ಹೊರಗೆ ಹಾರ್ನ್. ನಲವತ್ತು ಬ್ಲಾಕ್, ಮಲ್ಪೆಯ ಗಾಡಿ.
ಬರೆದುಕೊಂಡು ಬಂದು ಕೂತೆ.
ಐದನ್ನು ಅದರ ಜಾಗಕ್ಕೆ ಸೇರಿಸಲು ಮನಸ್ಸಾಗಲಿಲ್ಲ,
ಲೆಡ್ಜರಿನ ಅಡಿಗೆ ತಳ್ಳಿದೆ.
ಆರನೆಯದರ ಮೊದಲ ಪುಟ ತೆರೆದೆ.
ಇಲ್ಲೇ ಎಲ್ಲೋ ಅಡಗಿದ್ದಾಳೆ.